ಆ ಮನ್ಯಾಗ ಒಲಿ ಎಲ್ಲೈತಿ?

ಹೋದ ಯುಗಾದಿಗೆ ಬಾಗಲಕೋಟೆಯ ನವನಗರದ ಮನೆಗೆ ಹೋಗಿದ್ದೆ. ಬೆಳಗಾವಿಯಿಂದ ಬಸ್ಸು ಹಿಡಿದು ಇಳಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ತಲಬಾಗಿಲು ಅರ್ಧ ತೆರೆದಿತ್ತು. ನಾನು ಬಾಗಿಲ ಎದುರಿಗೆ ನಿಲ್ಲಲಿಲ್ಲ. ಪಕ್ಕದ ಗೋಡೆಗೆ ಬೆನ್ನು ಹಚ್ಚಿ ನಿಂತೆ. ಕೈ ಚಾಚಿ ಬಾಗಿಲನ್ನು ಮೆಲ್ಲಗೆ ನೂಕಿದೆ. ಪಡಸಾಲೆಯ ಬಲಮೂಲೆ ಮೊದಲು ಕಾಣುವ ಹಾಗೆ, ಆಮೇಲೆ ಕಂಬದ ಹಿಂದಿನ ಜಾಗ ಕಾಣುವ ಹಾಗೆ, ಒಂದೊಂದೇ ಹೆಜ್ಜೆ ಸರಿದೆ. ಒಳಗೆ ಅವ್ವ ಮೊರದಲ್ಲಿ ಬೇಳೆ ಹಸನು ಮಾಡುತ್ತ ಕೂತಿದ್ದಳು. ತಲೆಯೆತ್ತಿ ನೋಡಿ, "ಯಾಕೋ, ಕಳ್ಳರಂಗ ನಿಂತೀ? ಒಳಗ ಬಾ," ಅಂದಳು.

ಏನೋ ಹೇಳಿ ಮಾತು ತೇಲಿಸಿದೆ. ಆದರೆ ರಾತ್ರಿ ನಿದ್ದೆ ಹತ್ತಲಿಲ್ಲ. ಅದು ನಮ್ಮ ಮನೆ. ಆ ಬಾಗಿಲಿಗೆ ನಾನು ಕೂಸಾಗಿದ್ದಾಗ ಹಲ್ಲು ಊರಿದ ಗುರುತಿದೆ ಎಂದು ಅಜ್ಜಿ ತೋರಿಸುತ್ತಿದ್ದಳು. ಆ ಬಾಗಿಲ ಮುಂದೆ, ಒಳಗೆ ಯಾರೋ ಬಂದೂಕು ಹಿಡಿದು ಕೂತಿದ್ದಾರೆ ಎಂಬಂತೆ ನನ್ನ ಮೈ ತಾನಾಗಿ ನಡೆದುಕೊಂಡಿತ್ತು. ಯಾರೂ ಕಲಿಸಿದ್ದಲ್ಲ. ಮೂರು ತಿಂಗಳಿಂದ ದಿನಾ ರಾತ್ರಿ ಊಟವಾದ ಮೇಲೆ ಬೆಳಗಾವಿಯ ಟಿಳಕವಾಡಿಯ ನನ್ನ ಬಾಡಿಗೆ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನಾನು ಮಾಡುತ್ತಿದ್ದದ್ದು ಇಷ್ಟೇ: ಬಾಗಿಲು ತೆರೆಯುವುದು.

ಗೇಮಿನ ಹೆಸರು ಸಿಕ್ಸ್ ಡೇಸ್ ಇನ್ ಫಲ್ಲೂಜಾ. 2004ರ ನವೆಂಬರಿನಲ್ಲಿ ಇರಾಕಿನ ಫಲ್ಲೂಜಾ ನಗರದಲ್ಲಿ ಅಮೆರಿಕದ ಪಡೆಗೂ ಅಲ್ಲಿನ ಬಂಡುಕೋರರಿಗೂ ನಡೆದ ಕಾಳಗವನ್ನು ಇಟ್ಟುಕೊಂಡು ಕಟ್ಟಿದ ಟ್ಯಾಕ್ಟಿಕಲ್ ಶೂಟರ್. 2023ರ ಜೂನ್ 22ರಂದು ಸ್ಟೀಮ್ ಎಂಬ ಗೇಮುಗಳ ಆನ್‌ಲೈನ್ ಅಂಗಡಿಯಲ್ಲಿ ಅರ್ಲಿ ಆಕ್ಸೆಸ್ ಆಗಿ ಬಂತು, ಅಂದರೆ ಕಟ್ಟಡ ಮುಗಿಯುವ ಮುನ್ನವೇ ಒಕ್ಕಲು ಬಿಟ್ಟ ಹಾಗೆ. ನಾಲ್ಕು ಜನ ಕೂಡಿ ಆಡುವ ಆಟ. ನಮ್ಮ ನಾಲ್ವರಲ್ಲಿ ಒಬ್ಬ ಹುಬ್ಬಳ್ಳಿಯವನು, ಒಬ್ಬ ಪುಣೆಯಲ್ಲಿದ್ದಾನೆ, ಇನ್ನೊಬ್ಬ ವಿಜಯಪುರದ ಗೆಳೆಯ. "ನೀ ಮಾಳಗಿ ನೋಡು, ನಾ ಬಾಗಲಾ ಹಿಡೀತೀನಿ" ಎಂದು ನಮ್ಮ ಭಾಷೆಯಲ್ಲೇ ಪಿಸುಗುಟ್ಟಿಕೊಂಡು ಯೂಫ್ರೆಟಿಸ್ ದಂಡೆಯ ಊರಿನ ಓಣಿಗಳಲ್ಲಿ ನಡೆಯುತ್ತಿದ್ದೆವು.

ಇಂಥ ಆಟ ಆಡದವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಮೊಬೈಲಿನಲ್ಲಿ ಮಕ್ಕಳು ಆಡುವ ಗುಂಡಿನ ಆಟಕ್ಕೂ ಇದಕ್ಕೂ ಬಹಳ ದೂರ. ಇಲ್ಲಿ ಓಡಿದರೆ ಸಾಯುತ್ತೀರಿ. ಸಪ್ಪಳ ಮಾಡಿದರೆ ಪಕ್ಕದ ಮನೆಯಲ್ಲಿರುವವನಿಗೆ ಕೇಳಿಸುತ್ತದೆ. ಗುಂಡು ಒಂದೋ ಎರಡೋ ಬಿದ್ದರೆ ಮುಗಿಯಿತು, ಮೂಲೆಯಲ್ಲಿ ಕೂತರೆ ಜೀವ ತುಂಬಿಕೊಳ್ಳುವ ಪಟ್ಟಿ ಇಲ್ಲ. ಹತ್ತು ನಿಮಿಷ ಏನೂ ಆಗುವುದಿಲ್ಲ. ನಾಯಿ ಬೊಗಳುತ್ತದೆ, ದೂರದಲ್ಲಿ ಎಲ್ಲೋ ಢಂ ಎನ್ನುತ್ತದೆ, ನಿಮ್ಮ ಉಸಿರು ನಿಮಗೇ ಕೇಳುತ್ತದೆ. ಆಮೇಲೆ ಎರಡು ಸೆಕೆಂಡಿನಲ್ಲಿ ಎಲ್ಲ ಆಗಿಹೋಗುತ್ತದೆ. ಗುಂಡು ಎಲ್ಲಿಂದ ಬಂತು ಎಂದು ತಿಳಿಯುವುದಕ್ಕೆ ಮುನ್ನ ಪರದೆ ಕಪ್ಪಾಗಿರುತ್ತದೆ.

ಇನ್ನೊಂದು ಸಂಗತಿ ಇದೆ, ನನ್ನನ್ನು ಹಿಡಿದದ್ದು ಅದೇ. ಈ ಗೇಮಿನಲ್ಲಿ ಯಾವ ಮನೆಯೂ ಎರಡು ಸಲ ಒಂದೇ ಥರ ಇರುವುದಿಲ್ಲ.

2006, 2007ರ ಹೊತ್ತಿಗೆ ಬೆಳಗಾವಿಯಲ್ಲಿ ಕಾಲೇಜು ಓದುವಾಗ ನಾವು ತಾಸಿಗೆ 15 ರೂಪಾಯಿ ಕೊಟ್ಟು ಸೈಬರ್ ಕೆಫೆಯಲ್ಲಿ ಕೌಂಟರ್-ಸ್ಟ್ರೈಕ್ ಎಂಬ ಗುಂಡಿನ ಆಟ ಆಡುತ್ತಿದ್ದೆವು. ಆಡುತ್ತಿದ್ದದ್ದು ಒಂದೇ ಮ್ಯಾಪು, ಅಂದರೆ ಆಟ ನಡೆಯುವ ಒಂದೇ ಜಾಗ, ಡಸ್ಟ್-2. ಮಣ್ಣಿನ ಬಣ್ಣದ ಗೋಡೆ, ಕಮಾನು, ಕಟ್ಟಿಗೆ ಬಾಗಿಲು, ಯಾವ ದೇಶದ್ದೆಂದು ಹೇಳಲಾಗದ ಒಂದು ಬಿಸಿಲೂರು. ಅದರ ನಡುವಿನ ಜೋಡಿ ಬಾಗಿಲಿನ ಸಂದಿಯಲ್ಲಿ ಯಾವ ಕ್ಷಣಕ್ಕೆ ಯಾರು ದಾಟುತ್ತಾರೆ ಎಂಬುದು ಕೂಡ ನಮಗೆ ಬಾಯಿಪಾಠ. ಕಣ್ಣು ಕಟ್ಟಿ ಬಿಟ್ಟರೂ ಆ ಊರಲ್ಲಿ ತಿರುಗಾಡಿ ಬರುತ್ತಿದ್ದೆವು. ಹುಟ್ಟಿದ ಓಣಿಯ ಹಾಗೆ ಅದು ಮೈಗೆ ಅಂಟಿತ್ತು. ಆ ವರ್ಷಗಳಲ್ಲಿ ನನಗೆ ಅಂಥದ್ದೊಂದು ಓಣಿ ಬೇಕಾಗಿತ್ತು ಎಂದು ಈಗ ಅನಿಸುತ್ತದೆ. ಹುಟ್ಟಿದ ಓಣಿ ಆಗಲೇ ನೀರಿನ ಕೆಳಗಿತ್ತು. ಅದಕ್ಕೆ ಬರುತ್ತೇನೆ.

ಫಲ್ಲೂಜಾ ಗೇಮು ಮಾಡಿದವರು ಈ ಬಾಯಿಪಾಠವನ್ನೇ ಒಡೆದು ಹಾಕಿದ್ದಾರೆ. ಅಲ್ಲಿ ಹೋರಾಡಿ ಬಂದ ಸೈನಿಕರು ಅವರಿಗೆ ಹೇಳಿದ್ದು ಒಂದೇ ಮಾತಂತೆ: ಮುಂದಿನ ಬಾಗಿಲ ಹಿಂದೆ ಏನಿದೆ ಎಂಬುದು ಯಾವತ್ತೂ ಗೊತ್ತಿರುತ್ತಿರಲಿಲ್ಲ. ಹಾಗಾಗಿ ಪ್ರತಿ ಸಲ ಆಟ ಶುರುವಾದಾಗಲೂ ಕಂಪ್ಯೂಟರು ಓಣಿಯ ಮನೆಗಳನ್ನು ಹೊಸದಾಗಿ ಕಟ್ಟುತ್ತದೆ. ಗೋಡೆ, ಮೆಟ್ಟಿಲು, ಕಿಟಕಿ, ಅಂಗಳ ಎಲ್ಲವೂ ಜಾಗ ಬದಲಿಸುತ್ತವೆ. ನಿನ್ನೆ ಸತ್ತ ಕೋಣೆ ಇವತ್ತು ಇರುವುದಿಲ್ಲ. ಕಲಿತದ್ದು ಮನೆಯ ಬಗ್ಗೆ ಆಗಿರುವುದಿಲ್ಲ, ಬಾಗಿಲನ್ನು ದಾಟುವುದರ ಬಗ್ಗೆ ಮಾತ್ರ ಆಗಿರುತ್ತದೆ. ಅದಕ್ಕೇ ಅದು ಇನ್ಯಾವ ಮನೆಗಾದರೂ ಹೊಂದುತ್ತದೆ. ನವನಗರದ ನಮ್ಮ ಮನೆಗೂ ಹೊಂದಿತು.

ಈ ಗೇಮಿನ ಹಿಂದಿನ ಕತೆಯೂ ದೊಡ್ಡದು. ಫಲ್ಲೂಜಾ ಬಾಗ್ದಾದಿನಿಂದ ಪಶ್ಚಿಮಕ್ಕೆ ಸುಮಾರು 65 ಕಿಲೋಮೀಟರ್ ದೂರದ ಊರು. ಮಸೀದಿಗಳ ನಗರ ಎಂದೇ ಹೆಸರು. 2004ರ ನವೆಂಬರ್ 7ರ ರಾತ್ರಿ ಶುರುವಾದ ಕಾರ್ಯಾಚರಣೆ ಡಿಸೆಂಬರಿನ ತನಕ ಎಳೆಯಿತು. ವಿಯೆಟ್ನಾಮಿನ ಹ್ಯೂ ನಗರದಲ್ಲಿ 1968ರಲ್ಲಿ ನಡೆದ ಕಾಳಗದ ನಂತರ ಅಮೆರಿಕದ ಮರೀನ್ ಪಡೆ ಕಂಡ ಅತಿ ಭೀಕರ ನಗರಯುದ್ಧ ಎಂದು ಅದನ್ನು ಕರೆಯುತ್ತಾರೆ. 90ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ಎದುರಿಗಿದ್ದವರು ಸಾವಿರದ ಮೇಲೆ ಸತ್ತರು. ಊರಿನ ಸಾಮಾನ್ಯ ಜನ ನೂರಾರು ಮಂದಿ ಸತ್ತರು. ಸೈನಿಕರು ಸತ್ತದ್ದು ಹೆಸರು ಸಮೇತ ಬರೆದಿಟ್ಟಿದೆ. ಊರವರ ಲೆಕ್ಕ ಮಾತ್ರ "ನೂರಾರು" ಎಂಬಲ್ಲಿಗೇ ನಿಂತಿದೆ.

2009ರಲ್ಲಿ ಅಟಾಮಿಕ್ ಗೇಮ್ಸ್ ಎಂಬ ಸಂಸ್ಥೆ ಇದನ್ನು ಗೇಮು ಮಾಡುತ್ತೇವೆ ಎಂದಾಗ, ಕಾಳಗ ಮುಗಿದು ಐದು ವರ್ಷವೂ ಆಗಿರಲಿಲ್ಲ. ಇರಾಕಿನಲ್ಲಿ ಸೈನಿಕರಾಗಿದ್ದ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಸಿಟ್ಟಾದರು. ಅದನ್ನು ಹೊರತರಬೇಕಿದ್ದ ಜಪಾನಿನ ಕೊನಾಮಿ ಕಂಪನಿ ಏಪ್ರಿಲಿನಲ್ಲಿ ಕೈಬಿಟ್ಟಿತು. 2021ರಲ್ಲಿ ವಿಕ್ಟುರಾ ಎಂಬ ಪ್ರಕಾಶಕರು ಹೈವೈರ್ ಗೇಮ್ಸ್ ಕೈಯಲ್ಲಿ ಮತ್ತೆ ಮಾಡಿಸುತ್ತಿದ್ದೇವೆ ಎಂದು ಘೋಷಿಸಿದಾಗ ಮತ್ತೆ ಗದ್ದಲ. ಅಮೆರಿಕದ ಮುಸ್ಲಿಂ ಸಂಘಟನೆಯೊಂದು ಇದನ್ನು ಮಾರಬೇಡಿ ಎಂದು ದೊಡ್ಡ ಕಂಪನಿಗಳನ್ನು ಕೇಳಿಕೊಂಡಿತು. ಗೇಮು ಮಾಡಿದವರು, ನೂರಕ್ಕೂ ಹೆಚ್ಚು ಸೈನಿಕರನ್ನೂ ಇರಾಕಿ ನಾಗರಿಕರನ್ನೂ ಮಾತಾಡಿಸಿದ್ದೇವೆ, ಅವರ ಅನುಭವವನ್ನೇ ಹೇಳುತ್ತಿದ್ದೇವೆ ಎಂದರು. ಅವರು ಇನ್ನೊಂದು ಮಾತನ್ನೂ ಕೊಟ್ಟಿದ್ದರು. ಗೇಮಿನ ಒಂದು ಭಾಗದಲ್ಲಿ ಆಟಗಾರ ಸೈನಿಕನಾಗಿರುವುದಿಲ್ಲ, ಆಯುಧವಿಲ್ಲದ ಒಬ್ಬ ಇರಾಕಿ ತಂದೆಯಾಗಿ ಹೆಂಡತಿ ಮಕ್ಕಳನ್ನು ಊರಿಂದ ಹೊರಗೆ ದಾಟಿಸಬೇಕು ಎಂದು.

ನಾನು ದುಡ್ಡು ಕೊಟ್ಟು ಕೊಂಡದ್ದು ಆ ಒಂದು ಮಾತಿಗಾಗಿ. 2023ರಲ್ಲಿ ಗೇಮು ಇಳಿಸಿಕೊಂಡಾಗ ಆ ತಂದೆ ಅದರಲ್ಲಿ ಇರಲಿಲ್ಲ. ಬಂದೂಕು ಇತ್ತು, ಬಾಗಿಲು ಇತ್ತು.

ಯುದ್ಧವನ್ನು ಆಟ ಮಾಡಲೇಬಾರದು ಎನ್ನುವವರ ಜೊತೆ ನಾನು ನಿಲ್ಲುವುದಿಲ್ಲ. ನಮ್ಮ ಕಡೆ ಊರೂರಿಗೆ ವೀರಗಲ್ಲು ಇದೆ, ರಾತ್ರಿಯಿಡೀ ಯುದ್ಧದ ಬಯಲಾಟ ಕುಣಿಯುತ್ತಾರೆ, ಚದುರಂಗದಲ್ಲೂ ಆನೆ ಕುದುರೆ ಸಾಯುತ್ತವೆ. "ಬರೀ ಮನರಂಜನೆ, ತಲೆ ಕೆಡಿಸಿಕೊಳ್ಳಬೇಡಿ" ಎನ್ನುವವರ ಜೊತೆಗೂ ನಿಲ್ಲಲಾರೆ. ಇಪ್ಪತ್ತು ವರ್ಷದ ಹಿಂದೆ ಜನ ಬದುಕಿದ್ದ ಊರಿನ ಹೆಸರಿಟ್ಟು ಕರೆದ ಮೇಲೆ ಅದು ಬರೀ ಆಟವಾಗಿ ಉಳಿಯುವುದಿಲ್ಲ. ನನ್ನ ತಕರಾರು ಒಂದೇ. ಗುಂಡು ಗೋಡೆಗೆ ಬಡಿದಾಗ ಉದುರುವ ಗಾರೆಯ ತನಕ ನಿಜದ ಹಾಗೆ ಮಾಡಲು ವರ್ಷಗಟ್ಟಲೆ ದುಡಿದವರು, ಆ ಗೋಡೆ ಯಾರದು ಎಂಬುದನ್ನು ಆಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟರಲ್ಲ ಎಂಬುದು.

ಈಗ ನಮ್ಮ ಓಣಿ.

ಹಳೇ ಬಾಗಲಕೋಟೆಯಲ್ಲಿ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ನಮ್ಮ ಮನೆ ಇತ್ತು. ಮೇಲ್ಮುದ್ದಿ ಮನೆ. ಕಲ್ಲಿನ ದಪ್ಪ ಗೋಡೆ, ಕಟ್ಟಿಗೆಯ ಕಂಬ, ತೊಲೆ, ಜಂತಿ, ಅದರ ಮೇಲೆ ಮಣ್ಣು ಹಾಕಿ ಬಡಿದ ಸಪಾಟು ಮಾಳಿಗೆ. ಮಳೆಗಾಲಕ್ಕೆ ಮುನ್ನ ಪ್ರತಿ ವರ್ಷ ಅದರ ಮೇಲೆ ಕರಲು ಮಣ್ಣು ಹರವಬೇಕು. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದೇ ಗೋಡೆ, ಹಾಗಾಗಿ ನಿಚ್ಚಣಿಕೆ ಹತ್ತಿದರೆ ಓಣಿಯ ಆ ತುದಿಯ ತನಕ ಮಾಳಿಗೆಯ ಮೇಲೇ ಹೋಗಿಬರಬಹುದು. ಬೇಸಿಗೆಯಲ್ಲಿ ಇಡೀ ಓಣಿ ಮೇಲೆಯೇ ಮಲಗುತ್ತಿತ್ತು. ಯಾರ ಮನೆಯ ಕೂಸು ಅತ್ತರೂ ಎಲ್ಲರಿಗೂ ಎಚ್ಚರ.

ಇರಾಕಿನಲ್ಲೂ ಬೇಸಿಗೆಯಲ್ಲಿ ಜನ ಮಾಳಿಗೆಯ ಮೇಲೆ ಮಲಗುತ್ತಾರೆ. ಅಲ್ಲಿನ ಮನೆಗಳಿಗೂ ಸಪಾಟು ಮಾಳಿಗೆ, ಸುತ್ತ ಮೋಟುಗೋಡೆ, ಒಳಗಿನಿಂದ ಮೇಲೆ ಹೋಗುವ ಮೆಟ್ಟಿಲು, ಎತ್ತರದ ಕಾಂಪೌಂಡು, ಒಳಗೊಂದು ಅಂಗಳ. ಫಲ್ಲೂಜಾದ ಕಾಳಗದಲ್ಲಿ ಹೋರಾಟಗಾರರು ಮಾಳಿಗೆಯಿಂದ ಮಾಳಿಗೆಗೆ ದಾಟುತ್ತಿದ್ದರು, ಮರೀನರೂ ಆಮೇಲೆ ಹಾಗೇ ಮೇಲಿನಿಂದ ಇಳಿಯಲು ಕಲಿತರು. ಗೇಮಿನಲ್ಲಿ ಮೊದಲ ಸಲ ಅಂಥ ಮಾಳಿಗೆ ಹತ್ತಿ ಪಕ್ಕದ ಮನೆಯ ಅಂಗಳವನ್ನು ಇಣುಕಿದಾಗ ನನಗೆ ಹೆದರಿಕೆಗಿಂತ ಮುಂಚೆ ಬಂದದ್ದು ಹಪ್ಪಳದ ನೆನಪು. ಹಾಗೆ ಇಣುಕಿಯೇ ನಾವು ಮಕ್ಕಳು ಪಕ್ಕದ ಮನೆಯವರು ಒಣಹಾಕಿದ ಹಪ್ಪಳ ಕದಿಯುತ್ತಿದ್ದದ್ದು.

ನಮ್ಮ ಓಣಿಗೆ ಯುದ್ಧ ಬರಲಿಲ್ಲ, ನೀರು ಬಂತು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲಿಟ್ಟರು. ಅಬ್ದುಲ್ ಕಲಾಂ ಅವರು 2006ರ ಆಗಸ್ಟಿನಲ್ಲಿ ನಾಡಿಗೆ ಒಪ್ಪಿಸಿದರು. ಆ ನಡುವಿನ 42 ವರ್ಷ ನಮ್ಮ ಕಡೆಯ ಜನ "ಇವತ್ತ ಬರ್ತದ, ನಾಳಿ ಬರ್ತದ" ಎಂದು ನೀರಿಗಾಗಿ ಕಾದರು. ಘಟಪ್ರಭೆಯ ಹಿನ್ನೀರು ಬಾಗಲಕೋಟೆಯ ತಗ್ಗಿನ ಓಣಿಗಳನ್ನು ತುಂಬುತ್ತದೆ ಎಂದು ನಕ್ಷೆಯಲ್ಲಿ ಗೆರೆ ಎಳೆದರು. ಮುಳುಗಡೆ ಎಂಬ ಒಂದು ಶಬ್ದದಲ್ಲಿ ನಮ್ಮ ಸೀಮೆಯ ಎಷ್ಟೋ ಊರುಗಳ ಚರಿತ್ರೆ ಇದೆ. ನಮಗೆ ನವನಗರದಲ್ಲಿ ಸೈಟು ಸಿಕ್ಕಿತು. ಚಾರ್ಲ್ಸ್ ಕೊರಿಯಾ ಎಂಬ ದೊಡ್ಡ ವಾಸ್ತುಶಿಲ್ಪಿ ರೂಪಿಸಿದ ಊರು. ಅಗಲ ರಸ್ತೆ, ನಂಬರು ಹಾಕಿದ ಸೆಕ್ಟರುಗಳು. ಒಳ್ಳೆಯ ಊರೇ. ಆದರೆ ಮಾಳಿಗೆಯಿಂದ ಮಾಳಿಗೆಗೆ ದಾಟಲು ಬರುವುದಿಲ್ಲ.

ಆಗ ನನಗೆ ಹನ್ನೊಂದು ವರ್ಷ. ಮನೆ ಬಿಡುವ ದಿನ ಅಜ್ಜಿ ಎಂದಿನಂತೆ ನಸುಕಿನಲ್ಲಿ ಒಲೆ ಹಚ್ಚಿದಳು. ಎಲ್ಲರಿಗೂ ರೊಟ್ಟಿ ಬಡಿದಳು. ಹೊಸ್ತಿಲು ತೊಳೆದು ಕುಂಕುಮ ಇಟ್ಟಳು. ಆಮೇಲೆ ಬಡಿಗ ಬಂದು ತಲಬಾಗಿಲನ್ನು ಚೌಕಟ್ಟು ಸಮೇತ ಕಿತ್ತ. ಪರಿಹಾರದ ಹಣದಲ್ಲಿ ಅಂಥ ಸಾಗವಾನಿ ಬಾಗಿಲು ಮತ್ತೆ ಮಾಡಿಸಲು ಆಗುವುದಿಲ್ಲ ಎಂದು ಅಪ್ಪನಿಗೆ ಗೊತ್ತಿತ್ತು. ಓಣಿಯ ಎಲ್ಲರೂ ಅದನ್ನೇ ಮಾಡುತ್ತಿದ್ದರು. ತೊಲೆ, ಕಂಬ, ಬಾಗಿಲು, ಕಿಟಕಿಯ ಸರಳು. ಮಧ್ಯಾಹ್ನದ ಹೊತ್ತಿಗೆ ಇಡೀ ಓಣಿಯ ಮನೆಗಳು ಬಾಯಿ ತೆರೆದುಕೊಂಡು ನಿಂತಿದ್ದವು. ಯಾರ ಮನೆಯೊಳಗಾದರೂ ಯಾರಾದರೂ ಹೋಗಬಹುದಿತ್ತು, ಆದರೆ ಯಾರೂ ಹೋಗಲಿಲ್ಲ. ಬಾಗಿಲಿಲ್ಲದ ಮನೆಗೆ ಹೋಗಲು ನನಗೇಕೆ ಅಷ್ಟು ಅಂಜಿಕೆಯಾಯಿತೋ.

ಕಾಕಾ ಆಗ ಸೈನ್ಯದಿಂದ ರಜೆ ಹಾಕಿ ಬಂದಿದ್ದರು. ಟ್ರ್ಯಾಕ್ಟರು ತುಂಬಿ ನಿಂತಿತ್ತು, ಎಲ್ಲರೂ ಹತ್ತಿ ಕೂತಿದ್ದೆವು. ಅವರು ಮಾತ್ರ ಇಳಿದು ಒಳಗೆ ಹೋದರು. ನಾನು ಹಿಂದೆಯೇ ಓಡಿದೆ. ಅಡುಗೆಮನೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಒಲೆಯ ಬೂದಿಯ ಮೇಲೆ ಬಲಗೈಯ ಹಿಂಬದಿಯನ್ನು ಇಟ್ಟಿದ್ದರು. ಅಂಗೈ ಅಲ್ಲ, ಹಿಂಗೈ. ಬಹಳ ಹೊತ್ತು ಹಾಗೇ ಇದ್ದರು. "ಏನ್ ನೋಡಾಕತ್ತೀರಿ ಕಾಕಾ?" ಅಂದೆ. "ಏನಿಲ್ಲ ತಮ್ಮಾ, ನಡಿ," ಅಂದು ಎದ್ದರು. ಏನನ್ನೋ ಹುಡುಕುತ್ತಿದ್ದರೇನೋ ಎಂದುಕೊಂಡು ನಾನು ಮರೆತೆ.

ಕಾಕಾ ಹವಾಲ್ದಾರರಾಗಿ ನಿವೃತ್ತರಾಗಿ ಈಗ ಬಹಳ ವರ್ಷವಾಯಿತು. ಕ್ಯಾಂಟೀನಿನ ಸಾಮಾನು, ಕಣ್ಣಿನ ಡಾಕ್ಟರು ಎಂದು ಆಗಾಗ ಬೆಳಗಾವಿಗೆ ಬರುತ್ತಾರೆ, ಬಂದರೆ ನನ್ನ ಕೋಣೆಯಲ್ಲೇ ಉಳಿಯುತ್ತಾರೆ. ಬೈಕಿನ ಹಿಂದೆ ಕೂರಿಸಿಕೊಂಡು ಕ್ಯಾಂಪಿನ ಕಡೆ ಹೋದಾಗ, ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರದ ಮುಂದೆ ಅವರ ಬೆನ್ನು ನೆಟ್ಟಗಾಗುವುದು ನನಗೆ ಗೊತ್ತಾಗುತ್ತದೆ. ಅದು ಅವರ ರೆಜಿಮೆಂಟ್ ಅಲ್ಲ, ಆದರೂ. 1922ರಿಂದ ಆ ಕೇಂದ್ರ ನಮ್ಮ ಬೆಳಗಾವಿಯಲ್ಲಿದೆ. ಅದರೊಳಗಿನ ಯುದ್ಧ ಸ್ಮಾರಕಕ್ಕೆ ಶರ್ಕತ್ ಎಂದು ಹೆಸರು. ಶರ್ಕತ್ ಇರುವುದು ಇರಾಕಿನಲ್ಲಿ, ಟೈಗ್ರಿಸ್ ನದಿಯ ದಂಡೆಯಲ್ಲಿ. 1918ರ ಅಕ್ಟೋಬರಿನ ಕೊನೆಗೆ, ಮೊದಲ ಮಹಾಯುದ್ಧ ಇನ್ನೇನು ಮುಗಿಯಬೇಕು ಎನ್ನುವಾಗ, 114ನೇ ಮರಾಠಾ ಪಲ್ಟನ್ ಅಲ್ಲಿ ತುರ್ಕರ ಎದುರು ಕಾದಿತು. ಅದಕ್ಕೂ ಮುಂಚೆ ಇರಾಕಿನದೇ ಕುತ್ ಎಂಬ ಊರಿನಲ್ಲಿ 103, 110, 117ನೇ ಮರಾಠಾ ಪಲ್ಟನ್‌ಗಳು 147 ದಿನ ಮುತ್ತಿಗೆಯೊಳಗೆ ಸಿಕ್ಕಿಬಿದ್ದಿದ್ದವು. ಹಸಿವೆಗೆ ಕುದುರೆಗಳನ್ನು ಕೊಂದು ತಿನ್ನುವ ಕಾಲ ಬಂತು. 1916ರ ಏಪ್ರಿಲ್ 29ರಂದು ಕುತ್ ಶರಣಾಯಿತು. ಸೆರೆ ಸಿಕ್ಕ ಸಾವಿರಾರು ಮಂದಿ ಮತ್ತೆ ಮನೆ ಕಾಣಲಿಲ್ಲ.

ಆ ಕಾಲದ ಬೆಳಗಾವಿ ಸೀಮೆಯ ಹಳ್ಳಿಯ ಹುಡುಗನೊಬ್ಬ ಟೈಗ್ರಿಸ್ ದಂಡೆಯ ಮಣ್ಣಿನ ಮನೆಯೊಂದರ ಮಾಳಿಗೆ ನೋಡಿ ತನ್ನೂರಿನ ಮಾಳಿಗೆ ನೆನೆದಿರಲಾರನೇ? ಇರಾಕು ನಮಗೆ ಟಿವಿಯಲ್ಲಿ ಬಂದ ದೇಶವಲ್ಲ. ಈ ಕ್ಯಾಂಪಿನಿಂದ ಹೋದವರು ಅಲ್ಲಿ ಮಣ್ಣಾಗಿದ್ದಾರೆ.

ಕಾಕಾನ ಕಣ್ಣು ಮಂಜಾಗಿದ್ದರೂ ನೋಟ ಸೂಕ್ಷ್ಮ. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಗುಂಡು ಹಾರುತ್ತಿದ್ದಾಗ ಅವರ ಮೊಬೈಲಿಗೆ ಒಂದು ವಿಡಿಯೋ ಬಂದಿತ್ತು. ರಾತ್ರಿ, ವಿಮಾನ, ಆಕಾಶಕ್ಕೆ ಹಾರುವ ಗುಂಡಿನ ಸಾಲು. ಎಲ್ಲರೂ ನಿಜವೆಂದು ಹಂಚುತ್ತಿದ್ದರು. ಕಾಕಾ ಎರಡು ಸಲ ನೋಡಿ, "ಇದ್ರಾಗ ಧೂಳಿಲ್ಲೋ. ಮನಷ್ಯಾರೂ ಇಲ್ಲ," ಅಂದರು. ನಾನು ನೋಡಿದೊಡನೆ ಗುರುತಿಸಿದೆ, ಅದು ಆರ್ಮಾ-3 ಎಂಬ ಗೇಮಿನ ದೃಶ್ಯ. ಆ ಗೇಮು ಮಾಡಿದ ಬೋಹೀಮಿಯಾ ಇಂಟರಾಕ್ಟಿವ್ 2022ರಲ್ಲೇ, ನಮ್ಮ ಗೇಮಿನ ವಿಡಿಯೋಗಳನ್ನು ನಿಜವಾದ ಯುದ್ಧವೆಂದು ಹಬ್ಬಿಸುತ್ತಿದ್ದಾರೆ, ಹೀಗೆ ಗುರುತು ಹಿಡಿಯಿರಿ ಎಂದು ಪ್ರಕಟಣೆ ಕೊಟ್ಟಿತ್ತು. ಅವರು ಹೇಳಿದ ಗುರುತುಗಳಲ್ಲಿ ಎರಡು ಕಾಕಾ ಹೇಳಿದವೇ: ಧೂಳು, ಹೊಗೆ ಸಹಜವಾಗಿರುವುದಿಲ್ಲ, ಮತ್ತು ಜನ ಓಡಾಡುವುದು ಕಾಣುವುದಿಲ್ಲ. ಟ್ಯಾಂಕನ್ನು ನಿಜದಂತೆ ಓಡಿಸುವುದು ಕಂಪ್ಯೂಟರಿಗೆ ಸಾಧ್ಯ, ಮನುಷ್ಯ ನಡೆಯುವುದನ್ನು ತೋರಿಸುವುದೇ ಕಷ್ಟವಂತೆ.

ಯುಗಾದಿ ಮುಗಿಸಿ ಬಂದ ಮುಂದಿನ ತಿಂಗಳು ಕಾಕಾ ಬಂದರು. ರಾತ್ರಿ ಗೆಳೆಯರು ಕಾಯುತ್ತಿದ್ದರು. ಕಾಕಾ ಮಲಗಿದ್ದಾರೆ ಎಂದುಕೊಂಡು ಗೇಮು ಹಚ್ಚಿದೆ. ಸ್ವಲ್ಪ ಹೊತ್ತಿಗೆ ಹಿಂದೆ ಕುರ್ಚಿ ಎಳೆದ ಸಪ್ಪಳ.

ನಾನು ಹೆಡ್‌ಫೋನ್ ತೆಗೆದು ಸ್ಪೀಕರಿಗೆ ಹಾಕಿದೆ. ಮೊದಲ ಮನೆಯ ತನಕ ಕಾಕಾ ಮಾತಾಡಲಿಲ್ಲ. ಎರಡನೇ ಮನೆಯ ಬಾಗಿಲಲ್ಲಿ, "ನಾಲ್ಕೂ ಮಂದಿ ಒಂದ ಕಡೆ ನಿಂದ್ರಬ್ಯಾಡ್ರೋ," ಅಂದರು. ಆಮೇಲೆ, "ಮೆಟ್ಟಲ ಮ್ಯಾಲ ಯಾವಾನು ನೋಡಾಕತ್ತಾನ?" ಅಂದರು. ಯಾರೂ ನೋಡುತ್ತಿರಲಿಲ್ಲ. ಹುಬ್ಬಳ್ಳಿಯ ಗೆಳೆಯ ಮೈಕಿನಲ್ಲಿ, "ಯಾರೋ ಅವ್ರು? ಅವರನ್ನ ಕಮಾಂಡರ್ ಮಾಡ್ರಿ," ಅಂದ. ಅವತ್ತು ನಾವು ಎಂದೂ ದಾಟದಷ್ಟು ಮನೆಗಳನ್ನು ದಾಟಿದೆವು.

ಮೂರನೆಯದೋ ನಾಲ್ಕನೆಯದೋ ಮನೆಯಲ್ಲಿ ಕಾಕಾ ಕೇಳಿದರು: "ಈ ಮನ್ಯಾಗಿನ ಮಂದಿ ಎಲ್ಲಿ ಹೋಗ್ಯಾರ?"

ಹೇಳಿದೆ. ಕಾಳಗಕ್ಕೆ ಮುಂಚೆ ಊರು ಬಿಡಿ ಎಂದು ವಿಮಾನದಿಂದ ಚೀಟಿ ಎಸೆದಿದ್ದರು, ಮೈಕಿನಲ್ಲಿ ಕೂಗಿದ್ದರು, ಬಹುಪಾಲು ಜನ ಹೊರಟುಹೋದರು. ಆಮೇಲೆ ತಿರುಗಿ ಬರುವಾಗ ಸಾಲುಗಟ್ಟಿ ನಿಲ್ಲಿಸಿ ಬೆರಳಚ್ಚು, ಕಣ್ಣಿನ ಗುರುತು ತೆಗೆದುಕೊಂಡು ಕಾರ್ಡು ಕೊಟ್ಟರು, ಬಂದವರಲ್ಲಿ ಎಷ್ಟೋ ಜನಕ್ಕೆ ಮನೆಯೇ ಉಳಿದಿರಲಿಲ್ಲ ಎಂದೆ.

"ಬಾಗಲಾ ಹಾಕ್ಕೊಂಡು ಹೋಗಿದ್ರೇನು?"

ಅದನ್ನು ನಾನೆಂದೂ ಯೋಚಿಸಿರಲಿಲ್ಲ. ಎಷ್ಟು ನೂರು ಬಾಗಿಲು ಒದ್ದಿದ್ದೇನೋ. ಯಾರೋ ಒಬ್ಬಳು ಕೊನೆಗೆ ಹೊರಬಿದ್ದು, ಚಿಲಕ ಹಾಕಿ, ಕೀಲಿ ಸೆರಗಿಗೆ ಕಟ್ಟಿಕೊಂಡು ಹೋಗಿರುತ್ತಾಳಲ್ಲ.

"ಆ ಮನ್ಯಾಗ ಒಲಿ ಎಲ್ಲೈತಿ?"

"ಹಂಗಂದ್ರ ಕಾಕಾ?"

"ಅಡಗಿಮನಿ ತೋರ್ಸು."

ಹುಡುಕಿದೆ. ಗೆಳೆಯರು ಮುಂದೆ ಹೋಗೋಣ ಎಂದು ಕೂಗುತ್ತಿದ್ದರು. ಹಿಂದಿನ ಕೋಣೆಯೊಂದರಲ್ಲಿ ಕಟ್ಟೆ, ಒಂದೆರಡು ಪಾತ್ರೆ ಕಂಡವು. ಹತ್ತಿರ ಹೋಗಿ ನಿಂತೆ. ಒಂದು ಗುಂಡು ಬಂತು. ಪರದೆ ಕಪ್ಪಾಯಿತು.

"ಕಿಡಕಿ ಮುಂದ ನಿಂತಿದ್ದಿ," ಅಂದರು ಕಾಕಾ. ಬೇಸರದಿಂದಲ್ಲ, ಹೇಳಬೇಕಾದ್ದು ಎಂಬಂತೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವಾಗಿಯೇ ಹೇಳತೊಡಗಿದರು. ಕಾಶ್ಮೀರದ ಮಾತನ್ನು ಅವರು ಮನೆಯಲ್ಲಿ ಎಂದೂ ಆಡಿದವರಲ್ಲ. ತೊಂಬತ್ತರ ದಶಕದಲ್ಲಿ ಅಲ್ಲಿದ್ದರು ಎಂದಷ್ಟೇ ನಮಗೆ ಗೊತ್ತು.

ನಸುಕಿನಲ್ಲಿ ಊರಿಗೆ ಸುತ್ತುಗಟ್ಟುತ್ತಿದ್ದರಂತೆ. ಮನೆಯವರನ್ನೆಲ್ಲ ಹೊರಗೆ ಬಯಲಿಗೆ ಕರೆದು, ಒಂದೊಂದೇ ಮನೆ ನೋಡುತ್ತಾ ಹೋಗಬೇಕು. "ಒಳಗ ಹೋದ ಮ್ಯಾಲ ನಾ ಮೊದಲ ಒಲಿ ನೋಡಾಂವ. ಬೂದಿ ಮ್ಯಾಲ ಕೈ ಇಟ್ರ ತಿಳೀತದ. ತಣ್ಣಗಿದ್ರ ಮಂದಿ ಇಲ್ಲ. ಬೆಚ್ಚಗಿದ್ರ ಈಗ ಹ್ವಾದ್ರು. ಮನ್ಯಾವ್ರು ಇಬ್ಬರ ಅದೀವಿ ಅಂತಾರ, ರೊಟ್ಟಿ ಹತ್ತು ಇರ್ತಾವ. ಆಗ ಜೀವಾ ಕೈಯಾಗ ಬರ್ತದ. ಹಿಂಗೈಲೆ ನೋಡಬೇಕು. ಅಂಗೈ ಸುಟ್ರ ಬಂದೂಕ ಹಿಡ್ಯಾಕ ಬರಂಗಿಲ್ಲ."

ಇಪ್ಪತ್ತು ವರ್ಷಕ್ಕೂ ಹಿಂದೆ ನಮ್ಮ ಮನೆಯ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ ಕಾಕಾ ನನಗೆ ಕಣ್ಣೆದುರು ಬಂದರು. ಆ ದಿನ ಬೂದಿ ಬೆಚ್ಚಗಿತ್ತು. ನಸುಕಿನಲ್ಲಿ ಅಜ್ಜಿ ಹಚ್ಚಿದ ಒಲೆ.

ಆ ಮಾತನ್ನು ನಾನು ಎತ್ತಲಿಲ್ಲ. ಅವರು ಮುಂದುವರಿಸಿದರು. ಒಂದು ಮನೆಯಲ್ಲಿ ಒಲೆ ಉರಿಯುತ್ತಲೇ ಇತ್ತಂತೆ. ಮೇಲೆ ಅನ್ನಕ್ಕೆ ಇಟ್ಟ ಬೋಗುಣಿ, ನೀರು ಆರಿ ತಳ ಹತ್ತುವ ವಾಸನೆ ಬರುತ್ತಿತ್ತು. ಎಬ್ಬಿಸಿದಾಗ ಹಾಗೇ ಬಿಟ್ಟು ಹೊರಗೆ ಹೋಗಿದ್ದಾರೆ. ಜೊತೆಗಿದ್ದವರು ಮೇಲಿನ ಅಟ್ಟ ನೋಡಲು ಹತ್ತಿದರು. ಕಾಕಾ ಬಂದೂಕು ಹೆಗಲಿಗೆ ಹಾಕಿ, ಅಲ್ಲೇ ಬಿದ್ದಿದ್ದ ಬಟ್ಟೆಯಿಂದ ಬೋಗುಣಿ ಹಿಡಿದು ಇಳಿಸಿ, ಮುಚ್ಚಳ ಮುಚ್ಚಿದರು.

"ಸಾಬ್ ಬೈದ್ರು. ಎರಡೂ ಕೈ ಬೋಗುಣಿ ಮ್ಯಾಲ ಇದ್ವು, ಯಾವನರ ಬಂದಿದ್ರ ಏನ್ ಮಾಡ್ತಿದ್ದಿ ಅಂತ. ಬೈದದ್ದು ಖರೇನ ಐತಿ. ನನ್ನ ತಪ್ಪು ಅದು."

"ಆ ಮನ್ಯಾಗ ಏನರ ಸಿಕ್ತೇನ್ರಿ ಕಾಕಾ?"

"ಏನೂ ಇಲ್ಲ. ಒಬ್ಬಾಕಿ ಮುದುಕಿ, ಆಕಿ ಮೊಮ್ಮಕ್ಕಳು. ಹೊಳ್ಳಿ ಬರೂಮುಂದ ಓಣ್ಯಾಗ ಎದರಿಗೆ ಸಿಕ್ಕಳು, ಮನಿಗೆ ಹೊಂಟಿದ್ಲು. ನಾವು ದಾಟೂದ್ರಾಗ ಒಳಗ ಹೋಗಿ, ಮತ್ತ ಬಾಗಲಕ್ಕ ಬಂದು ನಿಂತ್ಲು. ಬೋಗಾಣಿ ಇಳಿಸಿದ್ದು ನೋಡಿರಬೇಕು. ನಮ್ಮನ್ನ ಒಬ್ಬೊಬ್ಬರನ್ನ ಮಾರಿ ನೋಡಿದ್ಲು, ಯಾರ್ ಇರಬೇಕು ಅಂತ."

ಸ್ಪೀಕರಿನಲ್ಲಿ ಗೆಳೆಯರು ನನ್ನನ್ನು ಕರೆಯುತ್ತಿದ್ದರು. ಹೊಸ ಮಿಷನ್ ಲೋಡ್ ಆಗುತ್ತಿತ್ತು, ಕಂಪ್ಯೂಟರು ಹೊಸ ಮನೆಗಳನ್ನು ಕಟ್ಟುತ್ತಿತ್ತು. ನಾನು ದನಿ ಕಡಿಮೆ ಮಾಡಿದೆ.

"ಏನಂದ್ಲ್ರಿ ಕಾಕಾ?"

"ಏನೂ ಅನ್ಲಿಲ್ಲ. ಬಾಗಲಾ ಹಾಕ್ಕೊಂಡ್ಲು."